ಗ್ಯಾಲರಿ ದೊಡ್ಡದು ಮಾಡಂಗಿಲ್ಲ: ಪಾಸ್ ಇದ್ದ ಎಲ್ಲಾರಿಗೂ ನಮ್ಮ ಪತ್ರ

ನಮ್ಮ ಪಾಸ್‌ದಾರ ಅಣ್ಣಾರಿಗೆ, ಅಕ್ಕಾರಿಗೆ, ಚಾಚಾಗೋಳಿಗೆ, ಮಕ್ಕಳನ್ನ ಕೋಚಿಂಗಿಗೆ ಕಳಸೋ ತಂದಿ-ತಾಯಿಗೋಳಿಗೆ ನಮಸ್ಕಾರ, ಸಲಾಮ್.

ಸುದ್ದಿ ನೆಟ್ಟಗ ಹೇಳಿಬಿಡ್ತೀವಿ. ನಮ್ಮ ಫುಟ್‌ಬಾಲ್ ಗ್ರೌಂಡಿನ ಪೂರ್ವದ ಬದಿಗೆ ಹೊಸ ಗ್ಯಾಲರಿ ಕಟ್ಟೋದು ಕೈಬಿಟ್ಟೀವಿ. ಟೂರ್ನಮೆಂಟ್ ಬಂದಾಗ ಆ ಬದಿಗೆ ಬಾಡಿಗಿ ತಂದು ಹಾಕ್ತಿದ್ದ ಪೈಪಿನ ಗ್ಯಾಲರಿನೂ ಇನ್ನ ಮುಂದ ಹಾಕಂಗಿಲ್ಲ. ಫೈನಲ್ ದಿನ ಕುಂದ್ರಲಾಕ ಎಷ್ಟು ಜಾಗಾ ಅದನೋ ಅಷ್ಟಕ್ಕ ಟಿಕೆಟ್, ನಂಬರ್ ಹಾಕಿ ಕೊಡ್ತೀವಿ, ಪಾಗಾರದ ಮ್ಯಾಲ ಹತ್ತಿ ನಿಂದ್ರೋದು ಬಂದ್. ವರ್ಷದ ಪಾಸ್ 800 ಇದ್ದದ್ದು 950 ರೂಪಾಯಿ ಆಗ್ತದ. ಮಕ್ಕಳ ಕೋಚಿಂಗ್ ಫೀ ಮಾತ್ರ ಒಂದು ರೂಪಾಯಿನೂ ಏರ್ಸಿಲ್ಲ, ಏರ್ಸಂಗೂ ಇಲ್ಲ.

ಇದ್ರಿಂದ ನಿಮಗ ತ್ರಾಸ ಆಗ್ತದ ಅಂತ ಗೊತ್ತದ. ಜನವರಿ ಫೈನಲ್ಲಿಗೆ ಸೇಡಂ, ಜೇವರ್ಗಿ ಕಡಿಂದ ಬೀಗರು-ನೆಂಟರು ಬಂದಿರ್ತಾರ, ಅವರನ್ನ ಕರ್ಕೊಂಡು ಗೇಟಿಗೆ ಬಂದಾಗ ಟಿಕೆಟ್ ಮುಗದಾವ ಅಂದ್ರ ಯಾರಿಗಾದ್ರೂ ಬ್ಯಾಸರ ಆಗ್ತದ. ಅದಕ್ಕ ಕ್ಷಮಾ ಕೇಳ್ತೀವಿ, ಮನಸಿನಿಂದ ಕೇಳ್ತೀವಿ. ಆದ್ರ ನಿರ್ಧಾರ ಬದ್ಲಂಗಿಲ್ಲ, ಯಾಕ ಅನ್ನೋದು ಪೂರಾ ಓದ್ರಿ.

ಚಹಾದ ಅಂಗಡ್ಯಾಗ, ವಾಟ್ಸಾಪ್ ಗ್ರೂಪಿನಾಗ, ಕಮಿಟಿ ಮಂದಿ ಮನಿ ಬಾಗಲಿಗೆ ಬಂದು ಎಲ್ಲಾರೂ ಕೇಳೋದು ಒಂದ ಮಾತು: "ಫೈನಲ್ ದಿನ ನೂರಾರು ಮಂದಿ ಹೊರಗ ನಿಂತು ವಾಪಸ್ ಹೋಗ್ತಾರ, ಗಿರಾಕಿ ಬಾಗಲಿಗೆ ಬಂದಾನ, ನೀವು ಗ್ಯಾಲರಿ ಕಟ್ಟಂಗಿಲ್ಲ, ಹಂಗಾರ ನಮ್ಮ ರೊಕ್ಕ ಎಲ್ಲಿ ಹೋಗ್ಲಾಕತ್ತದ?" ಇದರ ಹಿಂದನ ಇನ್ನೊಂದು ಬರ್ತದ, "ಸುತ್ತ ಮುತ್ತ ಸಿಮೆಂಟ್ ಫ್ಯಾಕ್ಟರಿ ಅವ, ವಾಡಿ ಅದ, ಸೇಡಂ ಅದ, ಮಳಖೇಡ ಅದ, ಶಹಾಬಾದ ಪರ್ಸಿ ಕಲ್ಲು ಬಾಜೂನ ಸಿಗ್ತದ, ನಿಮಗ ಯಾಕ ಅಷ್ಟು ಖರ್ಚು?" ಈ ಎರಡನೇ ಮಾತು ಕೇಳಿದಾಗ ಖರೆ ಹೇಳ್ತೀವಿ, ಎದಿಗೆ ಚುಚ್ಚಿದಂಗ ಆಗ್ತದ, ಯಾಕಂದ್ರ ಖರ್ಚು ಸಿಮೆಂಟಿಂದಲ್ಲ, ನಾವು ನಿಂತ ನೆಲದ್ದು.

ನಮ್ಮ ಗ್ರೌಂಡ್ ಇರೋದು ಎರಿ ಮಣ್ಣಿನಾಗ, ಅಂದ್ರ ಕರಿ ಮಣ್ಣಿನಾಗ. ತೊಗರಿಗೆ ಈ ಮಣ್ಣು ಬಂಗಾರ, ಕಟ್ಟಡಕ್ಕ ವೈರಿ. ಮಳಿ ಬಿದ್ದಾಗ ಉಬ್ಬತದ, ಬ್ಯಾಸಗ್ಯಾಗ ಬಿರಿತದ. ಏಪ್ರಿಲ್‌ದಾಗ ಪೂರ್ವದ ಬದಿಗೆ ಬಂದು ನೋಡ್ರಿ, ಬಿರುಕಿನಾಗ ಕೈ ಮಣಿಕಟ್ಟಿನತನ ಒಳಗ ಹೋಗ್ತದ, ಲೈನ್ ಹೊಡೆಯೋ ಹುಡುಗ ಸುಣ್ಣಾ ಹಾಕಿದ್ರ ಅರ್ಧ ಸುಣ್ಣಾ ಒಳಗ ಇಳಿತದ. ಅದ ಬದಿಯ ಪಾಗಾರ ನೋಡ್ರಿ, ಗಿಲಾಯಿ ಮಾಡಿ ಮುಚ್ಚಿದ ಬಿರುಕು ಮುಂದಿನ ಬ್ಯಾಸಗಿಗೆ ಅಲ್ಲೇ ತಿರುಗಿ ಬಾಯಿ ಬಿಡ್ತದ. ಇಂಥಾ ಮಣ್ಣಿನ ಮ್ಯಾಲ ಮಂದಿ ಕುಂದ್ರೋ ಗ್ಯಾಲರಿ ಕಟ್ಟಬೇಕಂದ್ರ ಒಂದೋ ಕೆಳಗಿನ ಗಟ್ಟಿ ಮುರುಮ್ ಮಣ್ಣು ಹತ್ತೋತನ ಅಗದು ಕರಿ ಮಣ್ಣು ಪೂರಾ ಹೊರಗ ಹಾಕ್ಬೇಕು, ಇಲ್ಲಾ ಅಂಡರ್‌ರೀಮ್ಡ್ ಪೈಲ್ ಇಳಿಸ್ಬೇಕು, ಅಂದ್ರ ಕಂಬದ ಬುಡದಾಗ ಗಡಿಗಿ ಥರ ಉಬ್ಬು ಇರ್ತದ, ಮ್ಯಾಲಿನ ಮಣ್ಣು ಎಷ್ಟ ಎಳದಾಡಿದ್ರೂ ಕಂಬ ಜಗ್ಗಂಗಿಲ್ಲ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥಾ ಮಣ್ಣಿನ ಸಲುವಾಗಿನ ಇದನ್ನ ಬೆಳೆಸ್ಯಾರ. ಎಸ್ಟಿಮೇಟ್ ತರ್ಸಿ ನೋಡಿದ್ರ ಪಾಯಾಕ್ಕ ಹೋಗೋ ರೊಕ್ಕನ ಮ್ಯಾಲಿನ ಮೆಟ್ಲಿಗಿಂತ ಹೆಚ್ಚು, ಅದು ಮಣ್ಣೊಳಗ ಹೋಗಿಬಿಡ್ತದ, ಯಾರ ಕಣ್ಣಿಗೂ ಕಾಣಂಗಿಲ್ಲ.

ಒಬ್ಬ ಅಣ್ಣಾರು ಹೇಳಿದ್ರು, ನಮ್ಮ ತಮ್ಮ ರಿಂಗ್ ರೋಡಿಗೆ ಮೂರು ಫ್ಲೋರ್ ಮನಿ ಕಟ್ಸಿದ, ನೀವು ಹೇಳೋ ಅಷ್ಟು ಆಗಿಲ್ಲ ಅಂತ. ಅಣ್ಣಾ, ಮನಿಯೊಳಗಿನ ಸ್ಲ್ಯಾಬಿಗೆ ಇಂಜಿನಿಯರ್ ಚದರ ಮೀಟರಿಗೆ ಸುಮಾರು 200 ಕೆಜಿ ಭಾರದ ಲೆಕ್ಕಾ ಹಿಡಿತಾರ. ಮಂದಿ ಗುಂಪಾಗಿ ನಿಂದ್ರೋ ಜಾಗಕ್ಕ ಸುಮಾರು 500 ಕೆಜಿ ಹಿಡಿಬೇಕು. ಅದರ ಮ್ಯಾಲ ಕೊನಿ ನಿಮಿಷದಾಗ ಗೋಲ್ ಬಿದ್ದಾಗ ನಮ್ಮ ಮಂದಿ ಎಲ್ಲಾರೂ ಒಂದ ಸಲಾ ಜಿಗಿತಾರ, ಆ ಜಿಗತಾನೂ ಲೆಕ್ಕದಾಗ ಬರ್ತದ. ಮನಿ ರೇಟಿನಾಗ ಗ್ಯಾಲರಿ ಆಗಂಗಿಲ್ಲ.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಾಗ ಎಷ್ಟು ಮಂದಿ ಆ ನ್ಯೂಸ್ ನಮಗ ಫಾರ್ವರ್ಡ್ ಮಾಡಿದ್ರಿ ಅಂದ್ರ ಲೆಕ್ಕ ಇಲ್ಲ. ಇಳಿದದ್ದು ಖರೆ, ನಮಗೂ ಖುಷಿ ಆತು. ಆದ್ರ ಕಬ್ಬಿಣಕ್ಕ ಮೊದಲೂ 18 ಇತ್ತು, ಈಗೂ 18 ಅದ, ಪೈಲ್ ಮಷಿನ್ ಬಾಡಿಗಿ ಇಳಿದಿಲ್ಲ, ಕೂಲಿ ಇಳಿದಿಲ್ಲ. ಜಾಗಾ ಲೀಸಿನ ಮ್ಯಾಲಿಂದು, ಅದರ ಮ್ಯಾಲ ಬ್ಯಾಂಕಿನವರು ದೊಡ್ಡ ಸಾಲಾನೂ ಕೊಡಂಗಿಲ್ಲ, ಕೊಟ್ರೂ ತೀರ್ಸೋದು ನಿಮ್ಮ ಪಾಸಿನ ರೊಕ್ಕದಿಂದನ.

ಈಗ ಮೊದಲನೇ ಮಾತಿಗೆ ಬರ್ತೀವಿ. ಫೈನಲ್ ದಿನ ಮಂದಿ ಹೊರಗ ಉಳಿತಾರ, ಒಪ್ಪಿದ್ವಿ. ಸೋಲಾಪುರದ ಟೀಮ್ ಬಂದಾಗೂ ಹಂಗ ಆಗ್ತದ, ಬೀದರಿನವರು ಬಂದಾಗೂ ಆಗ್ತದ. ಉಳಿದ ದಿನ? ಜುಲೈ ತಿಂಗಳ ಲೀಗ್ ಮ್ಯಾಚಿಗೆ ಬಂದವರಿಗೆ ಗೊತ್ತದ, ಇದ್ದ ಗ್ಯಾಲರಿನ ಅರ್ಧ ಖಾಲಿ ಇರ್ತದ, ಹೆಸರು ಹಿಡದು ಕರಿಯೋ ಅಷ್ಟ ಮಂದಿ. ವರ್ಷದಾಗ ಕೈಬೆರಳ ಮ್ಯಾಲ ಎಣಿಸೋ ಅಷ್ಟು ಸಂಜಿ ಸಲುವಾಗಿ ಗ್ಯಾಲರಿ ಕಟ್ಟಿದ್ರ ಉಳಿದ ಸಂಜಿ ಎಲ್ಲಾ ಅದರ ಕಂತು ಕಟ್ಟಬೇಕು, ಬಣ್ಣಾ ಹೊಡಿಬೇಕು, ಲೈಟ್ ಹಚ್ಚಿದ್ರೂ ಹಚ್ಚದಿದ್ರೂ ಕರೆಂಟಿನ ಫಿಕ್ಸೆಡ್ ಚಾರ್ಜ್ ತುಂಬಬೇಕು.

ರಾತ್ರಿ ಕುಂತು ಇಂಗ್ಲೆಂಡ್ ಲೀಗ್ ನೋಡೋ ಹುಡುಗುರು ನಮಗ ಲಿವರ್‌ಪೂಲ್ ತೋರಸ್ತಾರ, "ನೋಡ್ರಿ ಅವರ ಆನ್‌ಫೀಲ್ಡ್ ಸ್ಟೇಡಿಯಂ 61,000 ಸೀಟಿಗೆ ಹೋತು" ಅಂತ. ಹೋತು, ಯಾಕಂದ್ರ ಅಲ್ಲಿ ಸೀಸನ್ ಟಿಕೆಟಿಗೆ ವರ್ಷಗಟ್ಲೆ ಪಾಳಿ ಅದ, ಪ್ರತಿ ಮ್ಯಾಚ್ ಭರ್ತಿ. ಅಂಥವರಿಗೂ 2023ರಾಗ ನಡುವ ಕಂಟ್ರಾಕ್ಟರ್ ದಿವಾಳಿ ಆಗಿ ಕೆಲಸ ತಿಂಗಳಗಟ್ಲೆ ನಿಂತು ತಡ ಆತು, ಆದ್ರ ಅವರಿಗೆ ತಡಕೊಳ್ಳೋ ತಾಕತ್ತದ. ನೀವು ಓದಬೇಕಾದದ್ದು ಡಾರ್ಲಿಂಗ್ಟನ್ ಸುದ್ದಿ. ಅದೂ ಇಂಗ್ಲೆಂಡಿನ ಕ್ಲಬ್ಬ, 1883ರ ಹಳೇದು, ನಾಲ್ಕನೇ ದರ್ಜಿ ಲೀಗಿನಾಗ ಆಡ್ತಿತ್ತು. 2003ರಾಗ 25,000 ಸೀಟಿನ ಸ್ಟೇಡಿಯಂ ಕಟ್ಟಿದ್ರು. ಮೊದಲನೇ ಮ್ಯಾಚಿಗೆ 11,000ಕ್ಕಿಂತ ಹೆಚ್ಚು ಮಂದಿ ಬಂದ್ರು, ಹೊಸಾದು ನೋಡ್ಲಾಕ. ಆಮೇಲ ಮ್ಯಾಚಿಗೆ ಬರೋರು ವರ್ಷ ವರ್ಷ ಕಡಿಮಿ ಆಗ್ಕೋತ ಹೋದ್ರು. ಕಟ್ಟಿದ ವರ್ಷ ಮುಗಿಯೋದ್ರೊಳಗನ ಕ್ಲಬ್ ದಿವಾಳಿ ಅಂಚಿಗೆ ಬಂತು. 2012ರಾಗ ಸ್ಟೇಡಿಯಂ ಬಿಟ್ಟು ಬಾಜೂ ಊರಿನ ಗ್ರೌಂಡಿನಾಗ ಆಡೋ ಪರಿಸ್ಥಿತಿ, ಲೀಗಿನಾಗ ಎಷ್ಟೋ ಮೆಟ್ಲು ಕೆಳಗ ಇಳಿಸಿದ್ರು. ಆ 25,000 ಸೀಟಿನ ಜಾಗದಾಗ ಈಗ ರಗ್ಬಿ ಆಡ್ತಾರ. ದೊಡ್ಡದು ಬೇಕು ಅಂತನ ಕಟ್ಟಿದ್ರು.

ಇಂಗ್ಲೆಂಡಿನದ ಇನ್ನೊಂದು ಕ್ಲಬ್, ಲೂಟನ್ ಟೌನ್ ನೋಡ್ರಿ. 1905ರಿಂದ ಅದ ಕೆನಿಲ್ವರ್ತ್ ರೋಡ್ ಗ್ರೌಂಡ್, ಸುಮಾರು 12,000 ಮಂದಿ ಹಿಡಿತದ, ಎದುರಾಳಿ ಟೀಮಿನ ಅಭಿಮಾನಿಗಳು ಒಳಗ ಹೋಗೋ ಬಾಗಲು ಓಣ್ಯಾಗ ಮನಿಗಳ ಸಾಲಿನ ನಡುವ ಅದ, ಮೆಟ್ಲು ಹತ್ತುವಾಗ ಮಂದಿ ಹಿತ್ತಲ ಕಾಣಸ್ತದ. ಆ ಗ್ರೌಂಡಿನಾಗ ಆಡ್ಕೋತ 2023ರಾಗ ಅಲ್ಲಿನ ಎಲ್ಲಕ್ಕಿಂತ ಮ್ಯಾಲಿನ ಪ್ರೀಮಿಯರ್ ಲೀಗಿಗೆ ಏರಿದ್ರು. ಒಂದ ವರ್ಷಕ್ಕ ಕೆಳಗ ಇಳಿದ್ರು, ಅದೂ ಖರೆ, ಆದ್ರ ಏರಿದ್ದು ಸಣ್ಣ ಗ್ರೌಂಡಿಂದನ.

ಪೈಪಿನ ಗ್ಯಾಲರಿ ಯಾಕ ತೆಗದ್ರಿ ಅಂತ ಕೇಳೋರಿಗೆ ಒಂದು ಮಾತು. 2022ರ ಮಾರ್ಚಿನಾಗ ಕೇರಳದ ಮಲಪ್ಪುರಂ ಜಿಲ್ಲಾದಾಗ ಸೆವೆನ್ಸ್, ಅಂದ್ರ ಏಳೇಳು ಮಂದಿ ಆಡೋ ಫುಟ್‌ಬಾಲ್ ಮ್ಯಾಚ್ ಟೈಮಿಗೆ ತಾತ್ಕಾಲಿಕ ಗ್ಯಾಲರಿ ಕುಸಿದು ಸುಮಾರು 200 ಮಂದಿಗೆ ಪೆಟ್ಟಾತು, ಆ ವಿಡಿಯೋ ನೀವೂ ನೋಡೀರಿ. ನಮ್ಮಲ್ಲಿ ಹಾಕ್ತಿದ್ದ ಪೈಪಿನ ಕಾಲು ಇದ ಎರಿ ಮಣ್ಣಿನ ಮ್ಯಾಲ ಹಲಗಿ ಇಟ್ಟು ನಿಂದ್ರಸ್ತಿದ್ರು. ಅಕಾಲ ಮಳಿ ಒಂದು ಬಂದ್ರ ಸಾಕು. 1985ರಾಗ ಇಂಗ್ಲೆಂಡಿನ ಬ್ರಾಡ್‌ಫೋರ್ಡ್‌ದಾಗ ಕಟ್ಟಿಗಿ ಗ್ಯಾಲರಿ ಕೆಳಗ ವರ್ಷಗಟ್ಲೆ ಬಿದ್ದ ಕಸಕ್ಕ ಬೆಂಕಿ ಹತ್ತಿ 56 ಮಂದಿ ಸತ್ರು, ಅದು ಕ್ಲಬ್ ಲೀಗ್ ಗೆದ್ದ ಖುಷಿ ಮಾಡೋ ದಿನ. ನಮ್ಮ ಗ್ಯಾಲರಿ ಕೆಳಗ ಟೂರ್ನಮೆಂಟ್ ಮುಗಿದ ಮರುದಿನ ಶೇಂಗಾ ಸಿಪ್ಪಿ, ಪೇಪರ್ ಕಪ್ಪು, ಗುಟ್ಕಾ ಚೀಟಿ ಎಷ್ಟು ಬೀಳ್ತಾವ ಅನ್ನೋದು ಕಸಾ ಹೊಡಿಯೋ ಅಕ್ಕಾರಿಗೆ ಕೇಳ್ರಿ. ಮತ್ತ 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಗೇಟಿನ ಹೊರಗ ನೂಕುನುಗ್ಗಲಿನಾಗ 11 ಮಂದಿ ಸತ್ರು. ಅಂದಿನಿಂದ ನಮ್ಮ ಕಮಿಟ್ಯಾಗ ಗೇಟಿನ ಮಾತು ಬಂದಾಗ ಯಾರೂ ಹಗುರ ಮಾತಾಡಂಗಿಲ್ಲ. ನಮಗಿರೋದು ಎರಡ ಗೇಟು, ಒಂದು ಇಕ್ಕಟ್ಟಿನ ಗಲ್ಲಿಗೆ ಬಿಡ್ತದ. ಸೀಟು ಡಬಲ್ ಮಾಡಿ ಗೇಟು ಅಷ್ಟ ಇಟ್ರ ಮಂದಿ ಹೊರಗ ಬರೋದು ಹ್ಯಾಂಗ? ನಿಮ್ಮ ಮಕ್ಕಳು ನಮ್ಮ ಗ್ರೌಂಡಿಗೆ ಬಂದಾರ ಅಂದ್ರ ಮನಿಗೆ ಮುಟ್ಟೋತನ ಅವರು ನಮ್ಮ ಮಕ್ಕಳು.

ಶ್ರಮದಾನ ಮಾಡ್ತೀವಿ, ನೀವು ಸಾಮಾನು ಅಷ್ಟ ತರ್ರಿ ಅಂದವರೂ ಭಾಳ ಮಂದಿ ಅದಾರ. ಆ ಮಾತಿಗೆ ಕಣ್ಣಾಗ ನೀರು ಬಂದದ, ಸುಳ್ಳಲ್ಲ. ಜರ್ಮನಿಯ ಯೂನಿಯನ್ ಬರ್ಲಿನ್ ಕ್ಲಬ್ಬಿನ ಅಭಿಮಾನಿಗಳು ಹಿಂಗ ಮಾಡ್ಯಾರ, 2008-09ರಾಗ ಎರಡು ಸಾವಿರಕ್ಕಿಂತ ಹೆಚ್ಚು ಮಂದಿ ತಾವ ಕೈಹಚ್ಚಿ ಸುಮಾರು 1,40,000 ತಾಸು ದುಡದು ಸ್ಟೇಡಿಯಂ ಎತ್ತಿ ನಿಂದ್ರಿಸಿದ್ರು. ಆದ್ರ ಪೈಲ್ ಇಳಸೋದು ಸಲಿಕಿ-ಗುದ್ದಲಿ ಕೆಲಸ ಅಲ್ಲ. ನಿಮ್ಮ ಕೈ ಬ್ಯಾರೆ ಕಡೆ ಬೇಕು: ಪಶ್ಚಿಮದ ಗ್ಯಾಲರಿಗೆ ನೆರಳಿನ ಶೀಟ್ ಹಾಕೋದದ, ಹೆಣ್ಮಕ್ಕಳ ಟಾಯ್ಲೆಟ್ ಮುಂದ ಪರ್ಸಿ ಹಾಸೋದದ, ಎರಡನೇ ಗೇಟು ಅಗಲ ಮಾಡೋದದ.

ಇನ್ನ ಪಾಸಿನ ಏರಿಕಿ 150 ರೂಪಾಯಿ ಎಲ್ಲಿ ಹೋಗ್ತದ? ಹುಲ್ಲಿಗೆ. ನಮ್ಮ ಗ್ರೌಂಡ್ ಪೂರಾ ಸೈಜ್, 105 ಮೀಟರ್ ಉದ್ದ, 68 ಅಗಲ, ಅಂದ್ರ 7,140 ಚದರ ಮೀಟರ್. ಬ್ಯಾಸಗಿ ಸಂಜಿಗೆ ಬರೇ ಐದು ಮಿಲಿಮೀಟರ್ ನೀರು ಬಿಟ್ರೂ 35,000 ಲೀಟರ್ ದಾಟ್ತದ, 5,000 ಲೀಟರಿನ ಟ್ಯಾಂಕರ್ ಎಂಟು ಬೇಕು, ಬೋರ್ ಕೈಕೊಟ್ಟ ದಿನ ಅಷ್ಟೂ ಕೊಂಡು ತರ್ತೀವಿ. ಪ್ಲಾಸ್ಟಿಕ್ ಟರ್ಫ್ ಹಾಕ್ರಿ ನೀರಿನ ಚಿಂತಿ ಇಲ್ಲ ಅಂತೀರಿ, ಕಲಬುರಗಿ 43 ಡಿಗ್ರಿ ಬಿಸಿಲಿನಾಗ ಆ ಟರ್ಫ್ ಹುಲ್ಲಿಗಿಂತ ಭಾಳ ಹೆಚ್ಚು ಸುಡ್ತದ, ಎಂಟು ವರ್ಷದ ಪೋರ ಸ್ಲೈಡ್ ಹೊಡದ್ರ ಮಣಕಾಲು ತೊಗಲು ಹೋಗ್ತದ. ಹಾಕಿದ್ದು ಗಣಪತಿಗೆ ಏರಸೋ ಕರಿಕಿ ಜಾತಿ ಹುಲ್ಲ, ಬಿಸಿಲು ತಡಿತದ, ತುಳದ್ರೂ ತಿರುಗಿ ಚಿಗುರತದ, ನೀರು ಮಾತ್ರ ಬೇಕು. ಹೋದ ಮಳಿಗಾಲದಾಗ ಊರಾಗಿನ ಬಯಲೆಲ್ಲಾ ಕೆಸರಾದಾಗ ನಮ್ಮಲ್ಲಿ ಒಂದು ಮ್ಯಾಚೂ ರದ್ದಾಗಿಲ್ಲ, ಕೆಳಗ ಹಾಕಿದ ಉಸುಕು, ಪೈಪು, ಚರಂಡಿ ಕೆಲಸ ಮಾಡ್ಯಾವ. ನಿಮ್ಮ ರೊಕ್ಕ ಎಲ್ಲಿ ಅದ ಅಂದ್ರ ಅಲ್ಲದ, ಹುಡುಗುರ ಕಾಲ ಕೆಳಗ. ಇದನ್ನ ಹೇಳ್ಲಾಕ ನಮಗ ಅಭಿಮಾನ ಅದ.

ಹಳೇ ಪಾಸ್‌ದಾರರು ಹೆದರಬ್ಯಾಡ್ರಿ, ನಿಮ್ಮ ಜಾಗಾ ನಿಮ್ದ. ಮೂರನೇ ಮೆಟ್ಲಿನ ಕಂಬದ ಬಾಜೂ ಕುಂದ್ರೋ ಚಾಚಾ ಅಲ್ಲೇ ಕುಂದ್ರತಾರ, ಅವರ ನಂಬರ್ ಬ್ಯಾರೆಯವರಿಗೆ ಕೊಡಂಗಿಲ್ಲ. ಹೆಣ್ಮಕ್ಕಳ ಸಾಲು ಇದ್ದಲ್ಲೇ ಇರ್ತದ, ಶಾಲಿ ಹುಡುಗುರಿಗೆ ಲೀಗ್ ಮ್ಯಾಚ್ ಮೊದಲಿನಂಗ ಫುಕಟ್. ಫೈನಲ್ಲಿಗೆ ಸೀಟ್ ಸಿಗದವರ ಸಲುವಾಗಿ ಬಾಜೂ ಪ್ರಾಕ್ಟೀಸ್ ಬಯಲಿನಾಗ ಸ್ಕ್ರೀನ್ ಹಾಕ್ತೀವಿ, ಅಲ್ಲಿ ಟಿಕೆಟ್ ಇಲ್ಲ. ಮುಂದ ಲೀಸ್ ಉದ್ದ ಆಗಿ, ಲೀಗ್ ಮ್ಯಾಚಿಗೂ ಗ್ಯಾಲರಿ ತುಂಬೋ ದಿನ ಬಂತಂದ್ರ ವಿಸ್ತರಣೆ ಮಾತು ಮೊದಲು ತೆಗಿಯೋರು ನಾವ.

ಗ್ಯಾಲರಿ ಸಲುವಾಗಿ ಮುಂಗಡ ಕೊಟ್ಟವರ ರೊಕ್ಕ ಬ್ಯಾಂಕಿನಾಗ ಬ್ಯಾರೆ ಖಾತ್ಯಾಗ ಹಂಗ ಅದ, ಒಂದು ಪೈಸಾನೂ ಮುಟ್ಟಿಲ್ಲ. ರಸೀದಿ ತಂದು ಪೂರಾ ವಾಪಸ್ ತಗೋಬಹುದು, ಇಲ್ಲಾ ಹೊಸ ಪಾಸಿಗೆ ಹೊಂದಿಸಬಹುದು, ರಸೀದಿ ಕಳದಿದ್ರೂ ಬರ್ರಿ, ನಮ್ಮ ರಿಜಿಸ್ಟರಿನಾಗ ನಿಮ್ಮ ಹೆಸರದ. ಲೆಕ್ಕದ ಪುಸ್ತಕ, ಎಸ್ಟಿಮೇಟ್, ಟ್ಯಾಂಕರ್ ಬಿಲ್ಲು ಎಲ್ಲಾ ಆಫೀಸ್ ಟೇಬಲ್ ಮ್ಯಾಲ ಇಟ್ಟೀವಿ, ಯಾರು ಬೇಕಾದ್ರೂ ನೋಡ್ರಿ, ಪ್ರಶ್ನೆ ಕೇಳ್ರಿ, ಸಿಟ್ಟಿದ್ರ ಸಿಟ್ಟೂ ಮಾಡ್ರಿ, ಚಹಾ ಕುಡಕೋತ ಮಾತಾಡೋಣ. ಹೊಸ ಪಾಸ್ ಯುಗಾದಿತನ ಹಳೇ ದರಕ್ಕನ ಸಿಗ್ತದ, ಆಫೀಸ್ ದಿನಾ ಸಂಜಿ 5ರಿಂದ 8ರತನ ತೆರದಿರ್ತದ, ಬರುವಾಗ ಹಳೇ ಪಾಸ್ ಮತ್ತ ಒಂದು ಫೋಟೋ ತರ್ರಿ.

ನಿಮ್ಮ
ಕ್ಲಬ್ ಸಹಕಾರಿ ಕಮಿಟಿ, ಕಲಬುರಗಿ