ಆಕೆ ಕೇಳಿದ್ದು ಸ್ವಲ್ಪ ಬಿಡುವು

ಮಾನ್ಯ ಸಂಪಾದಕರೇ,

ಆಸ್ಟ್ರಿಯಾದ ನತಾಷಾ ಕಂಪುಷ್ ಬಗ್ಗೆ ಯಾರೇ ಬರೆದರೂ ಆಕೆಯನ್ನು ಕೂಡಿಹಾಕಿದ್ದ ನೆಲಮಾಳಿಗೆಯ ಫೋಟೊನೇ ದೊಡ್ಡದು. ಅದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

1998ರ ಮಾರ್ಚ್ 2ರಂದು ವಿಯೆನ್ನಾದಲ್ಲಿ ಶಾಲೆಗೆ ಹೊರಟಿದ್ದ 10 ವರ್ಷದ ಹುಡುಗಿ ಅವಳು. ಒಬ್ಬ ಅವಳನ್ನು ಅಪಹರಿಸಿ, ತನ್ನ ಗ್ಯಾರೇಜಿನ ಕೆಳಗೆ, ಕಿಟಕಿಯಿಲ್ಲದ, ಸುಮಾರು 5 ಚದರ ಮೀಟರಿನ ಕೋಣೆಯಲ್ಲಿ ಕೂಡಿಹಾಕಿದ. ಎಂಟು ವರ್ಷ ದಾಟಿತು. 2006ರ ಆಗಸ್ಟ್ 23ರಂದು ಅಪಹರಿಸಿದವನ ಕಾರನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ಸ್ವಚ್ಛ ಮಾಡುತ್ತಿದ್ದಳು. ಅವನಿಗೆ ಫೋನ್ ಬಂತು. ಸದ್ದು ಜಾಸ್ತಿ ಅಂತ ಆಚೆ ಸರಿದ. ಅವಳು ಓಟ ಕಿತ್ತಳು. ಆ ಧೈರ್ಯ ಅಲ್ವಾ ದೊಡ್ಡ ಸುದ್ದಿ?

ತಪ್ಪಿಸಿಕೊಂಡು ವಾರ ಕಳೆಯುವುದರೊಳಗೆ ಆಕೆ ಮಾಧ್ಯಮಗಳಿಗೆ ಪತ್ರ ಬರೆಯಬೇಕಾಯಿತು. ಖಾಸಗಿ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ, ಸ್ವಲ್ಪ ಬಿಡುವು ಕೊಡಿ ಎಂದು ಕೇಳಿಕೊಂಡಳು. ಕೊಟ್ಟರಾ? ಅಪಹರಿಸಿದವನು ಸತ್ತ ಸುದ್ದಿ ಕೇಳಿ ಅತ್ತಳೆಂದು 'ಸ್ಟಾಕ್‌ಹೋಮ್ ಸಿಂಡ್ರೋಮ್' (ಸೆರೆಯಾದವರಿಗೆ ಸೆರೆಯಿಟ್ಟವನ ಮೇಲೇ ಒಲವು ಹುಟ್ಟುವುದು) ಎಂಬ ಹಣೆಪಟ್ಟಿ ಹಚ್ಚಿದರು. ಆಕೆ ಅದನ್ನು ಒಪ್ಪಲಿಲ್ಲ. ಹತ್ತನೇ ವಯಸ್ಸಿನಿಂದ ಆಕೆ ಕಂಡಿದ್ದು ಹೆಚ್ಚಾಗಿ ಅವನೊಬ್ಬನ ಮುಖ. ಆ ಅಳುವಿಗೆ ನಾವು ಹೆಸರಿಡಲೇಬೇಕಾ?

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ನಮ್ಮ ಪೋಕ್ಸೊ ಕಾಯ್ದೆಯೂ ದೌರ್ಜನ್ಯಕ್ಕೊಳಗಾದ ಮಗುವಿನ ಹೆಸರು, ಫೋಟೊ, ಶಾಲೆ ಬಯಲು ಮಾಡಬಾರದು ಎನ್ನುತ್ತದೆ. ಮುಖವನ್ನು ಮಸುಕು ಮಾಡಿ, ಮನೆಯ ಗೇಟು, ಬೀದಿಯ ಅಂಗಡಿ ತೋರಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಪಾರಾಗಿ ಬಂದ ಮಕ್ಕಳ ಸುದ್ದಿ ಹಾಕುವಾಗ ದಯವಿಟ್ಟು ಆ ಗೇಟಿನ ಫೋಟೊವನ್ನೂ ಬಿಡಿ. ಕೋಣೆಯ ಅಳತೆಗಿಂತ, ಆ ಮಗು ಈಗ ಶಾಲೆಗೆ ಹೋಗಲು ಯಾರು ನೆರವಾಗುತ್ತಿದ್ದಾರೆ ಎಂದು ಕೇಳಿ ಬರೆಯಿರಿ.

– ಒಬ್ಬ ಓದುಗಿ, ಶಿವಮೊಗ್ಗ