ಸಯ್ಯಾಜಿರಾವ್ ರಸ್ತೆಯಲ್ಲಿ ಒಂದು ಮಾರು ಜಾಗ ಕೊಡಿ

ಮೈಸೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ.

ವಿಜಯದಶಮಿಯಂದು ಸಯ್ಯಾಜಿರಾವ್ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲುತ್ತದೆ. ಬೆಳಗ್ಗೆಯೇ ಜನ ಮಕ್ಕಳನ್ನು ಕಟ್ಟಿಕೊಂಡು, ಬುತ್ತಿ ಹಿಡಿದು ಬಂದು ಕೂರುತ್ತಾರೆ. 750 ಕೆ.ಜಿ. ತೂಕದ ಅಂಬಾರಿ ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿ.ಮೀ. ನಡೆಯುತ್ತದೆ. ಅದಕ್ಕೂ ಹಲವು ವಾರ ಮೊದಲು ಆನೆಗಳ ತಾಲೀಮು ನಡೆಯುವಾಗಲೂ ವಾಹನಗಳು ದಾರಿ ಬಿಡುತ್ತವೆ. ನಡೆಯುವವರಿಗೆ ದಾರಿ ಬಿಡುವುದು ಈ ರಸ್ತೆಗೆ ಹೊಸದಲ್ಲ. ಆ ಸೌಭಾಗ್ಯ ಉಳಿದ ದಿನಗಳಿಗೂ ಬರಲಿ ಎಂದು ಕೇಳಲು ಈ ಪತ್ರ.

ನನ್ನ ಅಮ್ಮನಿಗೆ ಎಪ್ಪತ್ತೆರಡು. ಪ್ರತಿ ಶುಕ್ರವಾರ ಈ ರಸ್ತೆಯ ದೇವರಾಜ ಮಾರುಕಟ್ಟೆಗೆ ಹೋಗಿ ಮಲ್ಲಿಗೆ, ವೀಳ್ಯದೆಲೆ, ಸಿಕ್ಕರೆ ನಂಜನಗೂಡು ರಸಬಾಳೆ ತರುತ್ತಿದ್ದರು. ಕೆಲವು ತಿಂಗಳ ಹಿಂದೆ ಮಾರುಕಟ್ಟೆಯಿಂದ ಹೊರಬಂದಾಗ ಪಾದಚಾರಿ ಮಾರ್ಗದ ತುಂಬ ಬೈಕುಗಳು. ರಸ್ತೆಗೆ ಇಳಿಯೋಣವೆಂದು ಕಾಲು ಚಾಚಿದರೆ ನೆಲ ಎಟುಕಲಿಲ್ಲ. ಒಂದು ಬೈಕಿನ ಸೀಟು ಹಿಡಿದುಕೊಂಡು, ಒಂದು ಕಾಲು ಗಾಳಿಯಲ್ಲೇ ಇಟ್ಟು ನಿಂತುಬಿಟ್ಟರು. ಪಕ್ಕದಲ್ಲೇ ಬಸ್ಸಿನ ಹಾರ್ನ್. ಕೈಯಲ್ಲಿದ್ದ ಬಾಳೆಎಲೆಯ ಪೊಟ್ಟಣ ಜಾರಿ, ಮಲ್ಲಿಗೆ ಚಕ್ರದಡಿ ಸಿಕ್ಕಿತು. ಅಮ್ಮ ಬೀಳಲಿಲ್ಲ. ಆದರೆ ಅಂದಿನಿಂದ "ನೀನೇ ತಂದುಬಿಡು" ಎನ್ನುತ್ತಾರೆ. ಮದುವೆಯಾಗಿ ಬಂದಾಗಿನಿಂದ ತಾವೇ ಮೂಸಿ, ಆರಿಸಿ ತಂದ ಹೂವು ಅದು. ನಾನು ತಂದದ್ದು ಅವರಿಗೆ ಒಪ್ಪುವುದೇ ಇಲ್ಲ.

ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಹೂವಿನವರ ಲೆಕ್ಕದಲ್ಲಿ ಅದು ನಾಲ್ಕು ಮೊಳ, ಅಂದರೆ ಒಂದು ಮಾರು. ರಸ್ತೆಯಿಂದ ಎತ್ತರ 150 ಮಿಲಿಮೀಟರ್ ಮೀರಬಾರದು. ಪಾದಚಾರಿ ಮಾರ್ಗ, ಜೀವಿಸುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯಡಿಯ ಹಕ್ಕು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

2012ರಲ್ಲಿ ಮಾರುಕಟ್ಟೆಯ ಹತ್ತಿರದ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅಂದಿನಿಂದ ಕೆಡವಬೇಕೋ ಉಳಿಸಬೇಕೋ ಎಂಬ ವಾದ ನಡೆದೇ ಇದೆ. ಉಳಿಸಬೇಕು ಎನ್ನುವವಳು ನಾನು. ಆದರೆ ಕಟ್ಟಡ ಉಳಿಸಿಕೊಂಡು, ಅದರ ಮುಂದೆ ನಿಂತು ತಲೆಯೆತ್ತಿ ನೋಡಲು ಒಂದು ಹೆಜ್ಜೆ ಜಾಗ ಇಲ್ಲದಿದ್ದರೆ ಆ ಪರಂಪರೆ ಯಾರಿಗೆ ದಕ್ಕಿತು?

ಕೆ.ಆರ್. ವೃತ್ತದಿಂದ ಆಯುರ್ವೇದ ಆಸ್ಪತ್ರೆ ವೃತ್ತದವರೆಗೆ ಮೊದಲು ಭಾನುವಾರ ಸಂಜೆ ಖಾಸಗಿ ವಾಹನ ಸಂಚಾರ ನಿಲ್ಲಿಸಿ ನೋಡಿ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರಲ್ಲಿ ವಾರಾಂತ್ಯಕ್ಕೆ ಇಂಥದ್ದೇ ಪ್ರಯೋಗ ನಡೆದಿತ್ತು. ಸಿಟಿ ಬಸ್ಸುಗಳು ಓಡಲಿ. ಮಾರುಕಟ್ಟೆಗೆ ಬರುವ ಬಹಳಷ್ಟು ಹೆಂಗಸರಿಗೆ ಅದೇ ಆಧಾರ. ಸರಕು ಇಳಿಸಲು ಬೆಳಗಿನ ಜಾವ ಬಿಟ್ಟುಕೊಡಿ. ಪಾರ್ಕಿಂಗ್ ಹೋದರೆ ವ್ಯಾಪಾರ ಹೋಗುತ್ತದೆಂಬ ಅಂಗಡಿಯವರ ಆತಂಕ ನಿಜವಾದದ್ದು, ಅವರನ್ನು ಕೂರಿಸಿಕೊಂಡು ಮಾತಾಡಿ. ಕಾಮಗಾರಿ ಆರಂಭಿಸಿದರೆ ಒಂದೊಂದೇ ತುಂಡು ಮುಗಿಸಿ ಮುಂದೆ ಹೋಗಲಿ. ಇಡೀ ರಸ್ತೆ ಅಗೆದು ವರ್ಷಗಟ್ಟಲೆ ಬಿಟ್ಟರೆ ಅವರು ತಾಳಲಾರರು.

ಮತ್ತೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಜಾಗ ಮಾಡುವ ಹೆಸರಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೂವಿನವರನ್ನು ಎಬ್ಬಿಸಬೇಡಿ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ. ನಕ್ಷೆ ಬರೆಯುವಾಗಲೇ ಅವರ ಜಾಗ ಗುರುತಿಸಿ.

ದಸರಾ ಸಿದ್ಧತಾ ಸಭೆಗೆ ಮೊದಲು ಯಾವುದಾದರೂ ಶುಕ್ರವಾರ ಸಂಜೆ ಐದಕ್ಕೆ ಮಾರುಕಟ್ಟೆ ಬಳಿಯ ಗಡಿಯಾರ ಗೋಪುರ, ಚಿಕ್ಕ ಗಡಿಯಾರದ ಹತ್ತಿರ ಬನ್ನಿ. ಅಮ್ಮನನ್ನು ಒಪ್ಪಿಸಿ ಕರೆತರುತ್ತೇನೆ. ಅಲ್ಲಿಂದ ಕೆ.ಆರ್. ವೃತ್ತದವರೆಗೆ ಮೂವರೂ ನಡೆದು ಹೋಗೋಣ.

ಇತಿ,
ಮೈಸೂರಿನ ಒಬ್ಬ ನಿವಾಸಿ