ರಾಥೋಡ್ ಫಲಕ: ಅಚ್ಚಿಗೆ ಮುನ್ನ ತಿದ್ದಬೇಕಾದ್ದು

ಎಲ್ಲರ ಗಮನಕ್ಕೆ. ರಾಜ್ಯವರ್ಧನ್ ಸಿಂಗ್ ರಾಥೋಡ್ ಫಲಕದ ಕರಡಿನಲ್ಲಿ ‘ರೈಫಲ್’ ಅಂತಿದೆ, ದಯವಿಟ್ಟು ತೆಗೆಯಿರಿ. ಗ್ರೆನೇಡಿಯರ್ಸ್ ರೆಜಿಮೆಂಟಿನ ಈ ಸೇನಾಧಿಕಾರಿ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಡಬಲ್ ಟ್ರ್ಯಾಪ್‌ನಲ್ಲಿ (ಒಟ್ಟಿಗೆ ಹಾರುವ ಎರಡು ಮಣ್ಣಿನ ತಟ್ಟೆಗಳನ್ನು ಗುಂಡಿಕ್ಕಿ ಒಡೆಯುವ ಶೂಟಿಂಗ್ ಸ್ಪರ್ಧೆ), 12 ಬೋರಿನ ಜೋಡಿನಳಿಗೆ ಕೋವಿಯಲ್ಲಿ, ಅಂದರೆ ಶಾಟ್‌ಗನ್ನಿನಲ್ಲಿ. ಅರ್ಹತಾ ಸುತ್ತಿನಲ್ಲಿ 150ಕ್ಕೆ 135, ಫೈನಲ್‌ನಲ್ಲಿ 50ಕ್ಕೆ 44, ಒಟ್ಟು 179. ಕಂಚಿನವರದು 178. ಒಂದೇ ತಟ್ಟೆಯ ಅಂತರ! ಇದು ದಪ್ಪಕ್ಷರದಲ್ಲಿರಲಿ.

‘ಭಾರತದ ಮೊದಲ ಬೆಳ್ಳಿ’ ಅನ್ನುವುದೂ ತಪ್ಪು. ‘ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಬೆಳ್ಳಿ’ ಅಂತ ಹಾಕಿ. 1960ರಲ್ಲಿ ಹಾಕಿ ತಂಡಕ್ಕೂ ಬೆಳ್ಳಿ ಬಂದಿತ್ತು.

ಆಟ ವಿವರಿಸುವವರಿಗೆ: ಶೂಟರ್ ಕೂಗು ಹಾಕಿದ ಕೂಡಲೇ ಎರಡು ತಟ್ಟೆ ಒಟ್ಟಿಗೆ ಹಾರುತ್ತವೆ, ಒಂದೊಂದಕ್ಕೆ ಒಂದೇ ತೋಟೆ. ತಟ್ಟೆ 11 ಸೆಂ.ಮೀ. ಅಗಲ, 105 ಗ್ರಾಂ. ತೋಟೆಯೊಳಗೆ ಚರೆ (ಸಣ್ಣ ಸಣ್ಣ ಗುಂಡುಗಳು) 24 ಗ್ರಾಂ. ಮೊದಲನೆಯದಕ್ಕೆ ತಡಮಾಡಿದರೆ ಎರಡನೆಯದು ದೂರವಾಗಿ, ಚದುರಿದ ಚರೆಗಳ ಸಂದಿಯಲ್ಲೇ ನುಸುಳಿಬಿಡುತ್ತದೆ. ಇನ್ನೊಂದು ಮಾಮೂಲಿ ಎಡವಟ್ಟು: ಒಡೆಯಿತಾ ಎಂದು ನೋಡಲು ಕೆನ್ನೆಯನ್ನು ಕೋವಿಯ ಬಟ್ಟಿನಿಂದ (ಹೆಗಲಿಗೆ ಆನಿಸುವ ಹಿಂಭಾಗದಿಂದ) ಎತ್ತುವುದು. ಎತ್ತಿದರೆ ಎರಡನೇ ಗುಂಡು ತಟ್ಟೆಯ ಮೇಲಿಂದ ಹೋಯಿತೆಂದೇ ಲೆಕ್ಕ.

2016ರ ರಿಯೊ ನಂತರ ಒಲಿಂಪಿಕ್ಸ್‌ನಲ್ಲಿ ಡಬಲ್ ಟ್ರ್ಯಾಪ್ ಇಲ್ಲ. ‘ಇಂದಿಗೂ ನಡೆಯುವ’ ಎಂಬ ಸಾಲನ್ನೂ ಹೊಡೆದುಹಾಕಿ.